ಹಸಿವಿನ ಜೀನ್: ಇಲಿಗಳು ಹೇಳಿದ ಕಥೆ

ಊಟ ಮುಗಿಯುವ ಹೊತ್ತಿಗೆ ನೀವು 'ಸಾಕು' ಎನ್ನುತ್ತೀರಲ್ಲವೆ? ಹಾಗೆ ಹೇಳಿಸುವುದರಲ್ಲಿ ಮಿದುಳಿನ ಪಾಲೂ ಇದೆ. ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್‌ನ ಕೆಲವು ನರಕೋಶಗಳು ಆಲ್ಫಾ-ಎಂಎಸ್‌ಎಚ್ ಎಂಬ ನ್ಯೂರೊಪೆಪ್ಟೈಡನ್ನು ಸ್ರವಿಸಿ ಹಸಿವನ್ನು ತಗ್ಗಿಸುತ್ತವೆ. ಇದು ಅಮೈನೊ ಆಮ್ಲಗಳ ಒಂದು ಕಿರುಸರಪಳಿ. ಇದರ ಜೀನಿನ ಹೆಸರು ಪಿಓಎಂಸಿ.

1977ರಲ್ಲಿ ಇಲಿಯ ಪಿಟ್ಯುಟರಿ ಗಂತಿಯ ಕೋಶಗಳನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ಅಚ್ಚರಿ ಕಾದಿತ್ತು. ಅಡ್ರಿನಲ್ ಗ್ರಂಥಿಯನ್ನು ಪ್ರಚೋದಿಸುವ ಎಸಿಟಿಎಚ್ ಹಾಗೂ ನೋವು ತಣಿಸುವ ಬೀಟಾ-ಎಂಡಾರ್ಫಿನ್ ಒಂದೇ ದೊಡ್ಡ ಪ್ರೋಟೀನಿನ ತುಂಡುಗಳಾಗಿದ್ದವು! 1979ರಲ್ಲಿ ಕ್ಯೋಟೊದ ನಕಾನಿಷಿ ಮತ್ತು ನೂಮಾ ಅವರ ತಂಡ, ಹಸುವಿನಲ್ಲಿ ಈ ಪ್ರೋಟೀನಿನ ಪೂರ್ಣ ವಿನ್ಯಾಸವನ್ನು ಓದಿತು. ಆಲ್ಫಾ-ಎಂಎಸ್‌ಎಚ್ ಕೂಡ ಇದರದೇ ತುಂಡು.

ಇಲಿಯಲ್ಲಿ ಈ ಜೀನ್ 12ನೆಯ ಕ್ರೋಮೊಸೋಮಿನಲ್ಲಿದೆ. ಇದಕ್ಕೆ ಮೂರು ಎಕ್ಸಾನ್‌ಗಳು. ಮೊದಲನೆಯದರಲ್ಲಿ ಪ್ರೋಟೀನಿನ ಸಂಕೇತವಿಲ್ಲ. ಎರಡನೆಯದು ಪ್ರೋಟೀನನ್ನು ಸ್ರಾವದ ದಾರಿಗೆ ಹಚ್ಚುವ ಭಾಗವನ್ನು ನೀಡುತ್ತದೆ. ಹಾರ್ಮೋನುಗಳೆಲ್ಲ ಇರುವುದು ಮೂರನೆಯದರಲ್ಲಿ.

1999ರಲ್ಲಿ ಈ ಜೀನ್ ಕೆಲಸ ಮಾಡದ ಇಲಿಗಳನ್ನು ರೂಪಿಸಲಾಯಿತು. ಅವು ದಢೂತಿಯಾದವು, ತುಪ್ಪಳದ ಬಣ್ಣವೂ ಬದಲಾಯಿತು. ಎಂಎಸ್‌ಎಚ್‌ನಂಥ ಪೆಪ್ಟೈಡ್ ಕೊಟ್ಟಾಗ ತೂಕ ಇಳಿಯಿತು.

ಆದರೆ ಪಿಟ್ಯುಟರಿಯಲ್ಲೂ ಮಿದುಳಿನಲ್ಲೂ ಒಂದೇ ಜೀನ್ ಎಚ್ಚರಗೊಳ್ಳುವುದು ಹೇಗೆ? ಜೀನಿನ ಪಕ್ಕದ ಡಿಎನ್‌ಎ ಪಿಟ್ಯುಟರಿಗೆ ಸಾಕು, ನರಕೋಶಗಳಿಗೆ ಸಾಲದು. 2005ರಲ್ಲಿ ಬ್ಯೂನಸ್ ಐರಿಸ್‌ನ ರುಬಿನ್‌ಸ್ಟೈನ್ ಮತ್ತು ಅಮೆರಿಕದ ಲೋ ಅವರ ತಂಡಗಳು ಉತ್ತರ ಕಂಡುಕೊಂಡವು. ಜೀನಿನಿಂದ ಸುಮಾರು 10 ಸಾವಿರ ಬೇಸ್‌ಗಳಾಚೆ ಎರಡು 'ವರ್ಧಕ'ಗಳಿದ್ದವು. ನರಕೋಶಗಳಲ್ಲಿ ಜೀನನ್ನು ಚಾಲೂ ಮಾಡುವ ಸ್ವಿಚ್ಚುಗಳು ಇವೇ. 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ಸ್ವಿಚ್ಚನ್ನು ತೆಗೆದಾಗ ಜೀನಿನ ಕೆಲಸ ಸ್ವಲ್ಪವೇ ತಗ್ಗಿತು. ಎರಡನ್ನೂ ತೆಗೆದಾಗ ಬಹಳ ಕುಸಿದು, ಇಲಿಗಳು ಕೊಬ್ಬಿದವು. ಪಿಟ್ಯುಟರಿಯ ಕೆಲಸ ಮಾತ್ರ ನಡೆದೇ ಇತ್ತು.

ಇನ್ನೊಂದು ಸ್ವಾರಸ್ಯ ಗಮನಿಸಿ. ಈ ಎರಡು ಸ್ವಿಚ್ಚುಗಳೂ, ತಮ್ಮ ಪ್ರತಿ ಮಾಡಿಕೊಂಡು ಬೇರೆಡೆ ಸೇರಿಕೊಳ್ಳುವ 'ಜಿಗಿಯುವ' ಡಿಎನ್‌ಎಯಿಂದ ಬಂದವು. ಒಂದು ಕಾಲಕ್ಕೆ 'ಕಸ' ಎನಿಸಿದ್ದ ಡಿಎನ್‌ಎ ಅದು!

ಇದು ಇಲಿಗಳ ಸಂಗತಿ ಮಾತ್ರವಲ್ಲ. ಈ ಜೀನಿನ ದೋಷದಿಂದ ಮಕ್ಕಳಲ್ಲೂ ತೀವ್ರ ಬೊಜ್ಜು ಬರುತ್ತದೆಂದು 1998ರಲ್ಲೇ ವರದಿಯಾಗಿತ್ತು. 2020ರಲ್ಲಿ ಅಂಥವರಿಗೆಂದು ಸೆಟ್‌ಮೆಲನೊಟೈಡ್ ಎಂಬ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಇನ್ನು ಮುಂದೆ ದಪ್ಪನೆಯ ಮಗುವನ್ನು ಕಂಡು 'ತಿಂಡಿಪೋತ' ಎನ್ನುವ ಮುನ್ನ, ಈ ಇಲಿಗಳನ್ನು ನೆನೆಯಿರಿ.