ತಂಬಾಕಿಗೆ ವೆನಿಲ್ಲಾ ಘಮ ಕೊಡೋ ಕಾಡು ಸೊಪ್ಪು: ಏನಿದು ‘ಜಿಂಕೆ ನಾಲಿಗೆ’?

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯವರಿಗೆ ಹೊಗೆಸೊಪ್ಪಿನ ಬಗ್ಗೆ ಹೇಳಿಕೊಡೋ ಅಗತ್ಯ ಇಲ್ಲ. ಸಸಿಮಡಿಯಿಂದ ಬ್ಯಾರನ್‌ವರೆಗೆ, ಅಲ್ಲಿಂದ ಹರಾಜು ಮಾರುಕಟ್ಟೆವರೆಗೆ ಎಲ್ಲಾ ಗೊತ್ತು. ನಾವು ಬೆಳೆಯೋ ವರ್ಜೀನಿಯಾ ಜಾತಿಯ ಎಲೆಯೇ ಹೊರದೇಶಗಳಲ್ಲಿ ಪೈಪ್ ತಂಬಾಕಿಗೂ ಮೂಲ. ಆದರೆ ಕೆಲವು ಪೈಪ್ ತಂಬಾಕಿನ ಡಬ್ಬಿ ತೆಗೆದರೆ ವೆನಿಲ್ಲಾ ತರ ಸಿಹಿ ಘಮ ಮೂಗಿಗೆ ಬಡಿಯುತ್ತೆ. ಅದು ತಂಬಾಕಿನದ್ದಲ್ಲ. ಆ ಘಮಕ್ಕೆ ಹಿಂದಿನಿಂದಲೂ ಬಳಸುತ್ತಾ ಬಂದಿರೋದು ಅಮೆರಿಕದ ಒಂದು ಕಾಡು ಗಿಡದ ಎಲೆ.

ಎಲ್ಲಿ ಬೆಳೆಯುತ್ತೆ?

ಇದರ ಹೆಸರು ಡೀರ್‌ಟಂಗ್, ಅಂದರೆ ಜಿಂಕೆ ನಾಲಿಗೆ. ವೆನಿಲ್ಲಾ ಲೀಫ್ ಅಂತಾನೂ ಕರೀತಾರೆ. ವೆನಿಲ್ಲಾ ಬಳ್ಳಿಗೂ ಇದಕ್ಕೂ ಸಂಬಂಧ ಇಲ್ಲ, ಇದು ಸೂರ್ಯಕಾಂತಿ ಕುಟುಂಬದ ಗಿಡ. ನಾರ್ತ್ ಕೆರೊಲಿನಾದಿಂದ ಫ್ಲೋರಿಡಾ, ಲೂಸಿಯಾನಾವರೆಗಿನ ಪೈನ್ ಕಾಡಿನ ಬಯಲಲ್ಲಿ ತಾನಾಗೇ ಬೆಳೆಯುತ್ತೆ. ಬುಡದಲ್ಲಿ ಉದ್ದನೆಯ ನಯವಾದ ಎಲೆ, ನೋಡೋಕೆ ನಾಲಿಗೆ ಹಾಗೇ. ಬೇಸಿಗೆ ಮುಗಿಯೋ ಹೊತ್ತಿಗೆ ದಂಟು ಎದ್ದು ನೇರಳೆ ಹೂ ಬಿಡುತ್ತೆ. ಅಲ್ಲಿನ ಹಳ್ಳಿ ಜನ ಕಾಡಿಂದ ಎಲೆ ಕಿತ್ತು, ಒಣಗಿಸಿ ವ್ಯಾಪಾರಿಗಳಿಗೆ ಮಾರುತ್ತಿದ್ದರು. ಅಲ್ಲಿಂದ ಸರಕು ತಂಬಾಕು ಕಂಪನಿಗಳಿಗೆ ಹೋಗುತ್ತಿತ್ತು.

ಘಮ ಬರೋದು ಹೇಗೆ?

ಹಸಿ ಎಲೆಗೆ ಅಂಥ ವಾಸನೆ ಇರಲ್ಲ. ಒಣಗಿದ ಮೇಲೆ ಘಮ ಏಳುತ್ತೆ. ಕಾರಣ ಕೂಮರಿನ್ ಅನ್ನೋ ರಾಸಾಯನಿಕ. ಕೊಯ್ದ ಹುಲ್ಲು ಒಣಗುವಾಗ ಬರೋ ಸಿಹಿ ವಾಸನೆಯಲ್ಲೂ ಇದೇ ಇರುತ್ತೆ. 1820ರಲ್ಲಿ ಟೊಂಕಾ ಬೀಜದಿಂದ ಇದನ್ನು ಬೇರ್ಪಡಿಸಿದರು. 1868ರಲ್ಲಿ ವಿಲಿಯಂ ಪರ್ಕಿನ್ ಲ್ಯಾಬಿನಲ್ಲೇ ತಯಾರಿಸಿದರು.

ಬೆರೆಸುವವರು ಒಣ ಎಲೆಯನ್ನು ಸಣ್ಣಗೆ ಕತ್ತರಿಸಿ, ತಂಬಾಕಿಗೆ ಒಂದು ಚಿಟಿಕೆ ಲೆಕ್ಕದಲ್ಲಿ ಸೇರಿಸಿ, ಮುಚ್ಚಿದ ಡಬ್ಬಿಯಲ್ಲಿ ಕೆಲವು ವಾರ ಇಡ್ತಾರೆ. ಜಾಸ್ತಿ ಆದರೆ ತಂಬಾಕಿನ ರುಚಿಯನ್ನೇ ನುಂಗಿಹಾಕುತ್ತೆ.

ತಕರಾರು ಏನು?

ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಕೂಮರಿನ್‌ನಿಂದ ಲಿವರ್‌ಗೆ ಹಾನಿ ಕಂಡುಬಂತು. 1954ರಲ್ಲಿ ಅಮೆರಿಕ ಇದನ್ನು ಆಹಾರಕ್ಕೆ ಸೇರಿಸೋದನ್ನು ನಿಷೇಧಿಸಿತು. ಆದರೆ ತಂಬಾಕು ಆಹಾರ ಅಲ್ಲವಲ್ಲ, ಅಲ್ಲಿ ಬಳಕೆ ನಿಲ್ಲಲಿಲ್ಲ.

ಬ್ರೌನ್ ಆ್ಯಂಡ್ ವಿಲಿಯಮ್ಸನ್ ಕಂಪನಿಯ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದ ಜೆಫ್ರಿ ವೈಗ್ಯಾಂಡ್ 1993ರಲ್ಲಿ ಕೆಲಸ ಕಳಕೊಂಡರು. ಪೈಪ್ ತಂಬಾಕಿನಿಂದ ಕೂಮರಿನ್ ತೆಗೀರಿ ಅಂದರೆ ಮಾರಾಟ ಬೀಳುತ್ತೆ ಅಂತ ಕಂಪನಿ ಒಪ್ಪಲಿಲ್ಲ ಅನ್ನೋದು ಅವರ ಆರೋಪ. 1995ರಲ್ಲಿ ಪ್ರಮಾಣ ಮಾಡಿ ಹೇಳಿಕೆಯನ್ನೂ ಕೊಟ್ಟರು. ಕಂಪನಿ ಅವರ ಮೇಲೇ ಕೇಸು ಹಾಕಿತ್ತು. 1999ರ ‘ದಿ ಇನ್‌ಸೈಡರ್’ ಸಿನಿಮಾ ಇವರದ್ದೇ ಕಥೆ.

ಘಮ ಬಂದ ಮಾತ್ರಕ್ಕೆ ನಿಕೋಟಿನ್ ಕಮ್ಮಿ ಆಗಲ್ಲ, ಹೊಗೆಯ ವಿಷಾನೂ ಕಮ್ಮಿ ಆಗಲ್ಲ. ಸೇದೋರಿಗೆ ಖಾರ ಗೊತ್ತಾಗಲ್ಲ, ಅಷ್ಟೇ. ಸುವಾಸನೆ ಹಾಕಿದ ಯಾವ ತಂಬಾಕಿಗೂ ಈ ಮಾತು ಸಲ್ಲುತ್ತೆ.

ನಮ್ಮ ಅಂಗಡಿಯಲ್ಲೂ ಇದೆ

ನಾವು ಯಾರೂ ಪೈಪ್ ಸೇದಲ್ಲ, ನಮಗ್ಯಾಕೆ ಅಂತೀರಾ? ಇದೇ ಕೂಮರಿನ್ ದಿನಸಿ ಅಂಗಡಿಯ ಚಕ್ಕೆಯಲ್ಲೂ ಇದೆ. ದಪ್ಪಗೆ, ಗಟ್ಟಿಯಾಗಿ, ಒಂದೇ ಪದರದಲ್ಲಿ ಸುರುಳಿ ಇರೋದು ಕ್ಯಾಸಿಯಾ, ಅದರಲ್ಲಿ ಜಾಸ್ತಿ. ಸಿಗಾರಿನ ಹಾಗೆ ತೆಳು ಪದರಗಳು ಒಂದರೊಳಗೊಂದು ಸುತ್ತಿರೋದು ಸಿಲೋನ್ ದಾಲ್ಚಿನ್ನಿ, ಅದರಲ್ಲಿ ತೀರಾ ಕಮ್ಮಿ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಹೇಳೋ ಮಿತಿ ದಿನಕ್ಕೆ ದೇಹತೂಕದ ಪ್ರತಿ ಕೆಜಿಗೆ 0.1 ಮಿಲಿಗ್ರಾಂ. ಅಂದರೆ 60 ಕೆಜಿ ತೂಕದವರಿಗೆ 6 ಮಿಲಿಗ್ರಾಂ.

ಪಲಾವಿಗೆ ಒಂದು ತುಂಡು ಹಾಕಿದರೆ ಹೆದರಬೇಕಿಲ್ಲ. ಸಕ್ಕರೆ ಕಾಯಿಲೆಗೆ ಒಳ್ಳೇದು ಅಂತ ಯಾರೋ ಹೇಳಿದ್ದು ಕೇಳಿ ದಿನಾ ಚಮಚಗಟ್ಟಲೆ ಚಕ್ಕೆ ಪುಡಿ ತಿನ್ನೋರು, ಅದರಲ್ಲೂ ಲಿವರ್ ತೊಂದರೆ ಇರೋರು, ಡಾಕ್ಟರನ್ನ ಒಂದು ಮಾತು ಕೇಳೋದು ಒಳ್ಳೇದು. ಅಂಗಡಿಯವರೂ ಅಷ್ಟೇ, ಗಿರಾಕಿ ಕೇಳಿದರೆ ಯಾವ ಚಕ್ಕೆ ಅಂತ ಹೇಳಿ ಕೊಡಿ.