ಓಡುತ್ತಲೇ ಓದಿದ ಮಲೇಷ್ಯಾದ ಡಾಕ್ಟರ್

ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟದಲ್ಲಿ ನೆಟ್ಟಿನ ಮೇಲೆ ಹಾರಿ ಸ್ಮ್ಯಾಶ್ ಹೊಡೆಯುವ ಹುಡುಗನನ್ನು ಕಂಡಾಗಲೆಲ್ಲ ನಮ್ಮಲ್ಲಿ ಯಾರಾದರೊಬ್ಬರು, "ಕಾಲೇಜಿನಲ್ಲಿ ನಾವೂ ಹೀಗೇ ಆಡುತ್ತಿದ್ದೆವು" ಎನ್ನುವುದುಂಟು. ಆಮೇಲೆ ವೀಸಾ ಬಂತು, ಆಟ ಊರಲ್ಲೇ ಉಳಿಯಿತು. ಈಗ ಮಗ ಮೈದಾನಕ್ಕೆ ಹೋಗಿದ್ದಾನೆಂದು ಮನೆಯವರು ಫೋನಿನಲ್ಲಿ ಹೇಳಿದರೆ, "ಮೊದಲು ಓದಲಿ" ಎನ್ನುವವರೂ ನಾವೇ. ಆಟವೋ ಓದೋ ಎಂಬ ಈ ಚರ್ಚೆಯ ನಡುವೆ ಮಲೇಷ್ಯಾದ ಓಟಗಾರ ಎಂ. ಜಗದೀಶನ್ ಅವರ ಚರಿತ್ರೆಯನ್ನು ನಾವು ನೆನೆಯಬೇಕು.

ತಮಿಳು ಮೂಲದ ಜಗದೀಶನ್ ಹುಟ್ಟಿದ್ದು 1943ರಲ್ಲಿ, ಪೆರಾಕ್ ರಾಜ್ಯದಲ್ಲಿ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಓಡಿದಾಗ ಅವರಿಗಿನ್ನೂ 16 ವರ್ಷ. ಅಂದು ಅವರ ಅಂಗಿಯ ಮೇಲಿದ್ದುದು ಮಲಯದ ಹೆಸರು. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದ 200 ಮೀಟರ್ ಚಿನ್ನವೂ ಮಲಯಕ್ಕೇ ಸಂದಿತು. 1963ರಲ್ಲಿ ಮಲೇಷ್ಯಾ ಹುಟ್ಟಿತು. 1965ರಲ್ಲಿ ಸಿಂಗಪುರ ಅದರಿಂದ ಬೇರೆಯಾಯಿತು. ದೇಶದ ಗಡಿಗಳೇ ಬದಲಾಗುತ್ತಿದ್ದ ಆ ವರ್ಷಗಳಲ್ಲಿ ಜಗದೀಶನ್ ಸಿಂಗಪುರ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದುತ್ತಿದ್ದರು, ಓಡುತ್ತಲೂ ಇದ್ದರು.

1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲೂ ಅವರು ಓಡಿದರು. ಅದೇ ಕೂಟದಲ್ಲಿ ನಮ್ಮ ಕೋಲಾರದಲ್ಲಿ ಹುಟ್ಟಿದ ಕೆನೆತ್ ಪೊವೆಲ್ ಭಾರತದ ರಿಲೇ ತಂಡದೊಡನೆ ಸೆಮಿಫೈನಲ್ ತಲುಪಿದ್ದರು. ಬೆಂಗಳೂರಿನ ಐಟಿಐ ಕಾರ್ಖಾನೆಯ ನೌಕರಿ ಪೊವೆಲ್ ಅವರಿಗೆ ಆಸರೆಯಾಗಿತ್ತು. ಜಗದೀಶನ್ ಹಿಡಿದದ್ದು ಓದಿನ ದಾರಿ.

1966ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟ ಅವರ ಉತ್ತುಂಗ. 100 ಮೀಟರ್, 200 ಮೀಟರ್, 4×100 ಮೀಟರ್ ರಿಲೇ, ಮೂರರಲ್ಲೂ ಚಿನ್ನ! ಜನ ಅವರನ್ನು 'ಹಾರುವ ಡಾಕ್ಟರ್' ಎಂದು ಕರೆದರು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ 200 ಮೀಟರನ್ನು 20.92 ಸೆಕೆಂಡಿನಲ್ಲಿ ಓಡಿ ಸೆಮಿಫೈನಲ್ ಕಂಡರು. ಆ ರಾಷ್ಟ್ರೀಯ ದಾಖಲೆಯನ್ನು ಮುರಿಯಲು ಮಲೇಷ್ಯಾ 2017ರವರೆಗೆ ಕಾಯಬೇಕಾಯಿತು.

ಅಷ್ಟು ವೇಗ ಕಾಲಿನಲ್ಲಿರುವಾಗಲೇ, 25ರ ಹೊಸ್ತಿಲಲ್ಲಿ, ಅವರು ಓಟ ನಿಲ್ಲಿಸಿದರು. ಆದರೆ ಮೈದಾನದಿಂದ ದೂರವಾಗಲಿಲ್ಲ. ದೇಶದ ಆರೋಗ್ಯ ಇಲಾಖೆಯಲ್ಲಿ ಉಪ ಮಹಾನಿರ್ದೇಶಕರ ಹುದ್ದೆಗೇರಿದ ಅವರು, ಕಾಮನ್‌ವೆಲ್ತ್ ಕ್ರೀಡಾಕೂಟಗಳ ವೈದ್ಯಕೀಯ ಸಲಹೆಗಾರರಾಗಿ, ಉದ್ದೀಪನ ಮದ್ದಿನ ವಿರುದ್ಧದ ಕೆಲಸದಲ್ಲೂ ತೊಡಗಿಕೊಂಡರು. ಓಡುವಾಗ ಕಲಿತ ವೈದ್ಯ, ಓಟ ನಿಂತ ಮೇಲೆ ಓಟಗಾರರಿಗೇ ಒದಗಿತು.

ಎಲ್ಲ ಮಕ್ಕಳೂ ಜಗದೀಶನ್ ಆಗುವುದಿಲ್ಲ, ನಿಜ. ಆಟಗಾರನ ಕಾಲಿಗೆ ಸಿಗುವುದು ಹತ್ತು ಹನ್ನೆರಡು ವರ್ಷ ಮಾತ್ರ. ಆಮೇಲಿನ ಬದುಕಿಗೆ ಓದೋ ಕೆಲಸವೋ ಬೇಕು ಎಂಬ ನಮ್ಮ ಭಯವೂ ಸುಳ್ಳಲ್ಲ. ಆದರೆ ಆ ಹತ್ತು ವರ್ಷ ಕಳೆದರೆ ಮತ್ತೆ ಬರುವುದಿಲ್ಲ ಎಂಬುದು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ ಮಗನ ಅಂಕ ಕೇಳೋಣ. ಜೊತೆಗೆ, ಮೊನ್ನೆಯ ಪಂದ್ಯ ಏನಾಯಿತು ಮಗಾ ಎಂದೂ ಕೇಳೋಣ.