ಎರೆನಾಡಿನ ಅನ್ನವೂ ರೋಗಶೋಧನೆಯ ವಿದ್ಯೆಯೂ

ಕೃಷ್ಣಾ ತುಂಗಭದ್ರೆಗಳ ನಡುವಣ ದೋಆಬಿನಲ್ಲಿ ಹರಡಿರುವ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಗಳ ಎರೆಹೊಲಗಳು ತಲೆತಲಾಂತರದಿಂದ ಬಿಳಿಜೋಳವನ್ನೇ ನೆಚ್ಚಿಕೊಂಡು ಬಂದವು. ಹಿಂಗಾರಿ ಮಳೆಯ ಹದದಲ್ಲಿ ಬಿತ್ತನೆಯಾಗಿ, ಆಮೇಲೆ ಆಕಾಶದ ಹಂಗಿಲ್ಲದೆ ಕರಿನೆಲದೊಳಗಿನ ತೇವವನ್ನೇ ಹೀರಿ ಬೆಳೆದು, ಮಾಘ ಫಾಲ್ಗುಣಗಳ ಒಣಬಿಸಿಲಿನಲ್ಲಿ ಕೊಯ್ಲಾಗುತ್ತಿದ್ದ ಆ ಕಾಳು, ಕಣದಿಂದ ಹಗೇವಿಗೆ ಇಳಿಯುವ ವೇಳೆಗೆ ಬೂಷ್ಟಿಗೆ ಎಡೆಗೊಡದಷ್ಟು ಒಣಗಿರುತ್ತಿತ್ತು. ಈ ಒಕ್ಕಲುತನದ ಕ್ರಮದಲ್ಲಿಯೇ ಒಂದು ಆರೋಗ್ಯರಕ್ಷೆಯೂ ಅಡಗಿತ್ತು. ಆ ಕ್ರಮವು ಸಡಿಲಿದುದನ್ನೂ, ಅನ್ನದಿಂದ ಹಬ್ಬುವ ರೋಗದ ಮೂಲವನ್ನು ಅರಸುವ ವಿದ್ಯೆಯು ನಮ್ಮ ಆರೋಗ್ಯ ಸಿಬ್ಬಂದಿಯ ಕೈಗೆ ಮೆಲ್ಲಮೆಲ್ಲನೆ ಬಂದುದನ್ನೂ ಒಟ್ಟಿಗೆ ನೋಡಿದಲ್ಲದೆ ಈ ನಾಡಿನ ಆರೋಗ್ಯದ ಇತಿಹಾಸವು ಪೂರ್ಣವಾಗದು.

ಲಿಂಗಸುಗೂರು ಒಂದು ಕಾಲದಲ್ಲಿ ನಿಜಾಮರ ರಾಜ್ಯದ ಜಿಲ್ಲಾಸ್ಥಾನವಾಗಿದ್ದು, 1905ರಲ್ಲಿ ಆ ಜಿಲ್ಲೆ ಕರಗಿ, ಲಿಂಗಸುಗೂರು ಸೀಮೆ ರಾಯಚೂರಿನಲ್ಲಿ ಸೇರಿಹೋಯಿತು. ಮಸ್ಕಿಯಾದರೋ 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರನು ಕಂಡ ಅಶೋಕನ ಶಾಸನದಿಂದ ಜಗತ್ಪ್ರಸಿದ್ಧವಾಯಿತು. ಅದೇ ಚಕ್ರವರ್ತಿಯ ಎರಡನೆಯ ಶಿಲಾಶಾಸನವು ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಟು, ದಾರಿಯ ಬದಿಯಲ್ಲಿ ಬಾವಿಗಳು, ಔಷಧಿಯ ಗಿಡಮೂಲಿಕೆಗಳು ಎಂದು ರಾಜಧರ್ಮದ ಪಟ್ಟಿಯನ್ನೇ ಕೊಡುತ್ತದೆ. ಹಾಗಿದ್ದರೂ, ಅದಾಗಿ ಎರಡು ಸಾವಿರ ವರ್ಷ ಕಳೆದ ಮೇಲೂ ವಾಂತಿಭೇದಿ ಹೊಕ್ಕ ಊರಿನಲ್ಲಿ ಲೆಕ್ಕಕ್ಕೆ ಬರುತ್ತಿದ್ದುದು ಸತ್ತವರ ಸಂಖ್ಯೆಯೇ ಹೊರತು, ಅವರು ಎಲ್ಲಿ ನೀರು ಕುಡಿದರು, ಯಾರ ಮನೆಯಲ್ಲಿ ಉಂಡರು ಎಂಬ ವಿಚಾರವಲ್ಲ. ಹಳೆಯ ಮೈಸೂರು ಸಂಸ್ಥಾನದಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿ, ತರುವಾಯ ಕ್ಲೋಸ್‌ಪೇಟೆಯಲ್ಲಿ (ಇಂದಿನ ರಾಮನಗರ) ಆರೋಗ್ಯ ಘಟಕಗಳು ಹುಟ್ಟಿ, ಅಲ್ಲಿ ಸಿಬ್ಬಂದಿಗೆ ತರಬೇತಿ ದೊರೆಯತೊಡಗಿದ ಕಾಲಕ್ಕೆ ರಾಯಚೂರು ಸೀಮೆ ಹೈದರಾಬಾದಿನ ಅಂಚಿನಲ್ಲಿತ್ತು. 1956ರ ನವೆಂಬರ್ 1ರಂದು ಅದು ಕನ್ನಡ ರಾಜ್ಯದಲ್ಲಿ ಸೇರುವವರೆಗೂ ಆ ಭಾಗ್ಯದಿಂದ ದೂರವೇ ಉಳಿಯಿತು.

ಮನೆಯಿಂದ ಮನೆಗೆ ಹೋಗಿ ಕೇಳಿ ತಿಳಿಯುವ ಪದ್ಧತಿಯನ್ನು ಉತ್ತರ ಕರ್ನಾಟಕದ ಹಳ್ಳಿಗಳಿಗೆ ತಂದುಕೊಟ್ಟುದರಲ್ಲಿ ನಾರುಹುಣ್ಣಿನ ನಿರ್ಮೂಲನಕ್ಕೆ ಹಿರಿದಾದ ಪಾಲುಂಟು. ಮೆಟ್ಟಿಲಬಾವಿಗಿಳಿದು, ಕಾಲು ನೀರಿನಲ್ಲಿ ಮುಳುಗುವಂತೆ ನಿಂತು ಕೊಡ ತುಂಬುವ ರೂಢಿಯಿಂದಲೇ ಒಬ್ಬರ ಹುಣ್ಣಿನ ಹುಳು ಮತ್ತೊಬ್ಬರ ಹೊಟ್ಟೆ ಸೇರುತ್ತಿದ್ದ ಆ ರೋಗವು ದೇಶದ ಏಳು ರಾಜ್ಯಗಳಲ್ಲಿ ನೆಲೆಸಿದ್ದು, ಅವುಗಳಲ್ಲಿ ಕರ್ನಾಟಕವೂ ಒಂದಾಗಿತ್ತು. 1983-84ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಔಷಧವೂ ಇಲ್ಲ, ಲಸಿಕೆಯೂ ಇಲ್ಲ. ಹಳ್ಳಿಹಳ್ಳಿಯಲ್ಲಿ ರೋಗಿಯನ್ನು ಹುಡುಕುವುದು, ಅವನು ಇಳಿದ ಬಾವಿಯನ್ನು ಗುರುತಿಸುವುದು, ಮೆಟ್ಟಿಲು ಮುಚ್ಚಿ ಸೇದುವ ಬಾವಿಯನ್ನಾಗಿಸುವುದು, ನೀರನ್ನು ಬಟ್ಟೆಯಲ್ಲಿ ಸೋಸಲು ಹೇಳಿಕೊಡುವುದು, ಇವೇ ಮುಖ್ಯ. 1996ರಲ್ಲಿ ರಾಜಸ್ಥಾನದಲ್ಲಿ ಕಂಡ ರೋಗಿಯೇ ಕಡೆಯವನಾಗಿ, 2000ದಲ್ಲಿ ಭಾರತವು ಆ ರೋಗದಿಂದ ಮುಕ್ತವೆಂದು ಘೋಷಿತವಾಯಿತು. ಪ್ರಶ್ನೆ ಕೇಳುವುದನ್ನು ಕಲಿತ ಕಾರ್ಯಕರ್ತರಿಂದಲೇ ದೊರೆತ ಈ ಜಯವನ್ನು ನಾವು ಇನ್ನೂ ತಕ್ಕಷ್ಟು ಕೊಂಡಾಡಿಲ್ಲವೆಂದು ನನ್ನ ಭಾವನೆ.

ಇತ್ತ ಹೊಲದಲ್ಲಿ ಬೇರೊಂದು ಪರಿವರ್ತನೆ ನಡೆದಿತ್ತು. 1953ರಲ್ಲಿ ತುಂಗಭದ್ರೆಯ ನೀರು ಹರಿದ ತರುವಾಯ ಎಡದಂಡೆ ಕಾಲುವೆಯ ಕೆಳಗಣ ಸಿಂಧನೂರು ಭತ್ತದ ಸೀಮೆಯಾಯಿತು, ಆಂಧ್ರದಿಂದ ಬಂದ ಒಕ್ಕಲಿಗರ ಕ್ಯಾಂಪುಗಳೆದ್ದವು, ಕಾಲುವೆಯ ನೀರೇ ಅನೇಕ ಊರುಗಳಿಗೆ ಕುಡಿಯುವ ನೀರೂ ಆಯಿತು. ಕಾಲುವೆ ಮುಟ್ಟದ ಮಳೆಯಾಶ್ರಿತ ದಕ್ಖನ್ನಿನಲ್ಲಿಯೂ ಜೋಳ ಹಿಂದಿನಂತೆ ಉಳಿಯಲಿಲ್ಲ. 1964ರಲ್ಲಿ ಸಿ.ಎಸ್.ಎಚ್.-1 ಎಂಬ ಮೊದಲ ಸಂಕರಣ ಜೋಳ ಬಿಡುಗಡೆಯಾಯಿತು. ಇಳುವರಿ ಹೆಚ್ಚಿತು, ಬೆಳೆಯ ಅವಧಿ ಕುಗ್ಗಿತು. ಆದರೆ ಮುಂಗಾರಿಯಲ್ಲಿ ಬಿತ್ತಿದ ಈ ಬಗೆಯ ಅಲ್ಪಾವಧಿ ಜೋಳದ ತೆನೆಯು ಮಳೆ ಇನ್ನೂ ನಿಲ್ಲದಿರುವಾಗಲೇ ಬಲಿತು, ನೆನೆದು, ಕಪ್ಪು ಗುಲಾಬಿ ಬಣ್ಣಗಳ ಬೂಷ್ಟನ್ನು ತಳೆಯತೊಡಗಿತು. ಹಸಿವನ್ನು ನೀಗಿದ ಆ ತಳಿಗಳನ್ನು ಹಳಿಯುವುದು ಅನ್ಯಾಯವಾದೀತು. ಹಿಂಗಾರಿ ಜೋಳಕ್ಕೆ ಬಿಸಿಲು ಕೊಡುತ್ತಿದ್ದ ರಕ್ಷಣೆ ಇವಕ್ಕಿರಲಿಲ್ಲವೆಂಬುದು ಮಾತ್ರ ಸತ್ಯ.

1995ರಲ್ಲಿ ಇದರ ಫಲ ಕಂಡಿತು. ದಕ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ, ರೊಟ್ಟಿಯನ್ನೋ ಅಂಬಲಿಯನ್ನೋ ಉಂಡ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಹೊಟ್ಟೆನೋವು, ಕರುಳಿನ ಗುಡುಗುಡು ಸಪ್ಪಳ, ಭೇದಿ, ಇವು ಜನರನ್ನು ಹಿಡಿದವು. ಭೇದಿಯೆಂದೊಡನೆ ಎಲ್ಲರ ಸಂಶಯವೂ ನೀರಿನ ಕಡೆಗೆ ಹೋಗುವುದು ಸಹಜ. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯಲ್ಲಿ ಆರ್. ವಿ. ಭಟ್ಟರೂ ಅವರ ಸಹೋದ್ಯೋಗಿಗಳೂ ನೀರಿನಲ್ಲಿಯೇ ನಿಲ್ಲದೆ ಕಾಳಿನವರೆಗೆ ಹೋದರು. 1918ರಲ್ಲಿ ಮೆಕ್ಯಾರಿಸನ್ ಎಂಬ ವೈದ್ಯನು ಕೂನೂರಿನಲ್ಲಿ ಬೆರಿಬೆರಿಯ ಶೋಧನೆಗಾಗಿ ತೊಡಗಿದ ಸಣ್ಣ ಪ್ರಯೋಗಾಲಯವೇ 1958ರಲ್ಲಿ ಹೈದರಾಬಾದಿಗೆ ಬಂದು ಈ ಸಂಸ್ಥೆಯಾಗಿ ಬೆಳೆದಿತ್ತು. ಜೋಳವನ್ನೇ ಉಣ್ಣುವ ದಕ್ಖನ್ನಿನ ಬಡವರಲ್ಲಿ ಕಾಣುತ್ತಿದ್ದ ಪೆಲಾಗ್ರ ಎಂಬ ಪೋಷಕಾಂಶದ ಕೊರತೆಯ ರೋಗದ ಮೇಲೆ ಗೋಪಾಲನ್, ಶ್ರೀಕಂಠಯ್ಯ ಮೊದಲಾದವರು ಅಲ್ಲಿ ದುಡಿದಿದ್ದರು. ಆದುದರಿಂದ ಜೋಳವನ್ನು ಪ್ರಶ್ನಿಸುವುದು ಅಲ್ಲಿನವರಿಗೆ ಹೊಸತಾಗಿರಲಿಲ್ಲ.

ಅವರು ಸಮೀಕ್ಷೆ ಮಾಡಿದ 50 ಹಳ್ಳಿಗಳಲ್ಲಿ 27ರಲ್ಲಿ ರೋಗ ಕಂಡುಬಂದಿತು. ನರಳಿದವರು ಕಡುಬಡವರು. ಒಳ್ಳೆಯ ಕಾಳು ಮನೆಯಲ್ಲಿದ್ದವನು ಮಳೆಗೆ ಸಿಕ್ಕಿ ಕೆಟ್ಟ ಜೋಳವನ್ನು ಬದಿಗೆ ಸರಿಸಬಲ್ಲ. ಬೇರೆ ಕಾಳಿಲ್ಲದವನು ಅದನ್ನೇ ಬೀಸಿ ರೊಟ್ಟಿ ತಟ್ಟಬೇಕು. ಆ ಮನೆಗಳಿಂದ ತಂದ 20 ಜೋಳದ ಮತ್ತು 12 ಮೆಕ್ಕೆಜೋಳದ ಮಾದರಿಗಳೆಲ್ಲದರಲ್ಲಿಯೂ ಫ್ಯುಮೋನಿಸಿನ್ ಎಂಬ ಶಿಲೀಂಧ್ರವಿಷ ಇದ್ದಿತು. ಕಿಲೋಗ್ರಾಮಿಗೆ ಜೋಳದಲ್ಲಿ 7.8 ಮಿಲಿಗ್ರಾಮಿನವರೆಗೆ, ಮೆಕ್ಕೆಜೋಳದಲ್ಲಿ 64.7ರವರೆಗೆ. ಆ ಕಾಳನ್ನು ಒಂದು ದಿನದ ಹುಂಜದ ಮರಿಗಳಿಗೆ ತಿನ್ನಿಸಿದಾಗ ಅವಕ್ಕೂ ಭೇದಿಯಾಯಿತು. ದಕ್ಷಿಣ ಆಫ್ರಿಕದ ವಿಜ್ಞಾನಿಗಳು ಈ ವಿಷವನ್ನು ಗುರುತಿಸಿ ಹೆಸರಿಟ್ಟುದು 1988ರಲ್ಲಿ. ಏಳೇ ವರ್ಷದಲ್ಲಿ ಅದು ದಕ್ಖನ್ನಿನ ಬಡವನ ಗಂಗಾಳದಲ್ಲಿ ಪತ್ತೆಯಾಯಿತೆಂದರೆ, ಶೋಧಕರು ಎಷ್ಟು ಎಚ್ಚರದಿಂದ ಓದಿಕೊಂಡಿರಬೇಕು! ಹಂಚಿನ ಕಾವಿಗೆ ಸುಲಭವಾಗಿ ನಾಶವಾಗದ ವಿಷವಿದು. ಕೆಟ್ಟ ಕಾಳನ್ನು ಉಣ್ಣುವುದು ನಿಂತೊಡನೆ ಜನರು ಗುಣಹೊಂದಿದರು, ಒಬ್ಬರೂ ಸಾಯಲಿಲ್ಲ.

ಈ ವಿಧದ ಶೋಧನೆ ದೊಡ್ಡ ಸಂಸ್ಥೆಯ ವಿದ್ವಾಂಸರಿಗಷ್ಟೇ ಮೀಸಲಾಗಬಾರದೆಂಬ ವಿಚಾರವು ಬೇರುಬಿಟ್ಟುದು ನಿಧಾನವಾಗಿ. ದೆಹಲಿಯಲ್ಲಿ 1963ರಲ್ಲಿ ರಾಷ್ಟ್ರೀಯ ಸಾಂಕ್ರಾಮಿಕ ರೋಗಗಳ ಸಂಸ್ಥೆಯೂ, ಚೆನ್ನೈಯಲ್ಲಿ 1999ರಲ್ಲಿ ರಾಷ್ಟ್ರೀಯ ಸೋಂಕುಶಾಸ್ತ್ರ ಸಂಸ್ಥೆಯೂ ಸ್ಥಾಪಿತವಾಗಿ, ವೈದ್ಯಾಧಿಕಾರಿಗಳಿಗೆ ಕ್ಷೇತ್ರದಲ್ಲಿಯೇ ಕಲಿಯುವ ವ್ಯವಸ್ಥೆ ದೊರಕಿತು. 2004ರ ಸಮಗ್ರ ರೋಗ ಕಣ್ಗಾವಲು ಯೋಜನೆ ಅದನ್ನು ಜಿಲ್ಲೆಗೆ ಇಳಿಸಿತು. ಅಲ್ಲಿ ಕಲಿಸುವುದು ಏನು? ರೋಗಿಗಳ ಪಟ್ಟಿ, ಯಾವ ಗಂಟೆಗೆ ಯಾರಿಗೆ ಮೊದಲಾಯಿತೆಂಬ ರೇಖೆ, ಪಾಯಸ ಉಂಡವರಲ್ಲಿ ಎಷ್ಟು ಮಂದಿ ಬಿದ್ದರು, ಉಣ್ಣದವರಲ್ಲಿ ಎಷ್ಟು ಮಂದಿ, ಎಂದು ಒಂದೊಂದು ಪದಾರ್ಥವನ್ನೂ ಹಿಡಿದು ಮಾಡುವ ತುಲನೆ, ಔಷಧ ಕೊಡುವ ಮೊದಲೇ ಮಲದ ಮಾದರಿ, ಪಾತ್ರೆ ತೊಳೆಯುವ ಮೊದಲೇ ಆಹಾರದ ಮಾದರಿ. ಆದರೆ ಇವೆಲ್ಲಕ್ಕೂ ಮೊದಲು ಉಪಕೇಂದ್ರದ ಸಿಸ್ಟರೋ ಆಶಾ ಕಾರ್ಯಕರ್ತೆಯೋ ಹೊಸ್ತಿಲಲ್ಲಿ ಕುಳಿತು, “ಯವ್ವಾ, ನಿನ್ನಿ ಏನ್ ಉಂಡೀರಿ? ಯಾರ ಮನ್ಯಾಗ ಉಂಡೀರಿ?” ಎಂದು ಕೇಳಬೇಕು. ಆ ಕೇಳ್ವಿ ತಪ್ಪಿದರೆ ಉಳಿದ ಶಾಸ್ತ್ರವೆಲ್ಲ ತಡವಾಗಿ ಬರುತ್ತದೆ. ಅಷ್ಟರಲ್ಲಿ ಸಾಕ್ಷ್ಯ ತಿಪ್ಪೆ ಸೇರಿರುತ್ತದೆ.

ಸಾಮೂಹಿಕ ಭೋಜನ ಹೆಚ್ಚಿದಷ್ಟೂ ಈ ವಿದ್ಯೆಯ ಅಗತ್ಯ ಹೆಚ್ಚಿತು. 2002ರಲ್ಲಿ ರಾಯಚೂರನ್ನೊಳಗೊಂಡ ಏಳು ಜಿಲ್ಲೆಗಳಲ್ಲಿ ಶಾಲೆಯ ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹ ಮೊದಲಾದಾಗ ಹಸಿದ ಮಕ್ಕಳಿಗೆ ಅನ್ನ ದೊರೆತುದು ಮಹೋಪಕಾರ. 2013ರಲ್ಲಿ ಬಿಹಾರದ ಶಾಲೆಯೊಂದರಲ್ಲಿ ಕೀಟನಾಶಕ ಬೆರೆತ ಊಟದಿಂದ 23 ಮಕ್ಕಳು ಸತ್ತ ಮೇಲೆ, ಬಡಿಸುವ ಮುನ್ನ ಶಿಕ್ಷಕರು ರುಚಿ ನೋಡಬೇಕೆಂಬ ನಿಯಮ ಎಲ್ಲೆಡೆ ಬಿಗಿಯಾಯಿತು. 2018ರ ಡಿಸೆಂಬರಿನಲ್ಲಿ ನಮ್ಮ ಹನೂರಿನ ಬಳಿಯ ಸುಳ್ವಾಡಿಯ ಗುಡಿಯಲ್ಲಿ ವಿಷವಿಕ್ಕಿದ ಪ್ರಸಾದಕ್ಕೆ 17 ಜೀವಗಳು ಬಲಿಯಾದವು. ಊಟವಷ್ಟೇ ಅಲ್ಲ, ನೀರಿನ ಮೇಲೂ ಈ ಕಣ್ಣು ಬೇಕು: 2022ರ ಬೇಸಗೆಯಲ್ಲಿ ರಾಯಚೂರು ನಗರದಲ್ಲಿಯೇ ಕಲುಷಿತ ನೀರು ಕುಡಿದು ಜನ ಪ್ರಾಣ ನೀಗಿದರು.

ಸಿಂಧನೂರು ತಾಲ್ಲೂಕಿನ ಅಂಬಾಮಠದ ಜಾತ್ರೆ, ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ಅಮರೇಶ್ವರನ ಜಾತ್ರೆ, ಮಸ್ಕಿ ಮಲ್ಲಿಕಾರ್ಜುನನ ಜಾತ್ರೆ, ಇವುಗಳಲ್ಲಿ ದಾಸೋಹ ನಡೆಸುವ ಹಿರಿಯರಲ್ಲಿಯೂ, ಶಾಲೆ ವಸತಿನಿಲಯಗಳ ಅಡುಗೆಯ ತಾಯಂದಿರಲ್ಲಿಯೂ ನನ್ನ ಬಿನ್ನಹವಿಷ್ಟು: ಬಡಿಸುವ ಪ್ರತಿಯೊಂದು ಪದಾರ್ಥದಲ್ಲಿಯೂ ಒಂದು ಪಾಲನ್ನು ಶುದ್ಧವಾದ ಡಬ್ಬಿಯಲ್ಲಿ ತೆಗೆದಿರಿಸಿ, ಮರುದಿನದವರೆಗೆ ತಂಪಿನಲ್ಲಿ ಕಾಪಾಡಿರಿ, ಇಬ್ಬರಿಗೆ ಒಮ್ಮೆಲೆ ವಾಂತಿಯಾದರೆ ಮೂರನೆಯವರಿಗಾಗಿ ಕಾಯದೆ ಊರಿನ ಸಿಸ್ಟರಿಗೆ ಹೇಳಿಕಳುಹಿರಿ. ಜಿಲ್ಲಾ ಆರೋಗ್ಯಾಡಳಿತದವರಾದರೂ ಈ ತರಬೇತಿಯನ್ನು ತಾಲ್ಲೂಕು ಕಚೇರಿಯ ಸಭಾಂಗಣದಲ್ಲಿಯೇ ಮುಗಿಸದೆ, ಮುಂಗಾರು ಕಾಲಿಡುವ ಮೊದಲು ಒಂದೊಂದು ಉಪಕೇಂದ್ರಕ್ಕೂ ಒಯ್ಯಬೇಕು.